ಬಸುರಿ ಎಂದು ತಿಳಿಯುವ ಹೊತ್ತಿಗೇ ಮುಗಿಯುವ ಕೆಲಸ: ಮಗುವಿನ ನರಕೊಳವೆ ಮತ್ತು ಜೀನ್‌ಗಳ ದಾರಿ ತಪ್ಪಿದ ಸಂದೇಶ

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ವೈದ್ಯರು ಒಂದೇ ಜಾಗವನ್ನು ಮೂರ್ನಾಲ್ಕು ಸಲ ನೋಡತೊಡಗಿದರೆ ಮಲಗಿದ್ದವಳ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಬರುವ ಮಾತು ಹೀಗಿರುತ್ತದೆ: ಮಗುವಿನ ಬೆನ್ನುಮೂಳೆ ಕೆಳಗಡೆ ಪೂರ್ತಿ ಮುಚ್ಚಿಕೊಂಡಿಲ್ಲ. ಇಲ್ಲವೇ, ತಲೆಬುರುಡೆಯ ಮೇಲ್ಭಾಗ ಬೆಳೆದೇ ಇಲ್ಲ. ಮನೆಗೆ ಬಂದ ಮೇಲೆ ಬೇರೆಯದೇ ವಿಚಾರಣೆ ಶುರುವಾಗುತ್ತದೆ. ಗ್ರಹಣದ ದಿನ ಹೊರಗೆ ಬಂದಿದ್ದಳಾ? ಪರಂಗಿ ಹಣ್ಣು ತಿಂದಳಾ? ಮೂರನೇ ತಿಂಗಳಲ್ಲಿ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿದ್ದೇ ತಪ್ಪಾಯಿತಾ? ಈ ಪ್ರಶ್ನೆಗಳೆಲ್ಲ ಸಾಮಾನ್ಯವಾಗಿ ತಾಯಿಯ ಕಡೆಗೇ ತಿರುಗುತ್ತವೆ.

ಇವಕ್ಕೆಲ್ಲ ಒಂದೇ ಉತ್ತರ ಸಾಕು, ಅದು ದಿನಗಳ ಲೆಕ್ಕ. ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ನರಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಂತರದ 21ರಿಂದ 28ನೇ ದಿನದ ಒಳಗೆ. ಮುಟ್ಟು ತಪ್ಪಿ ಸುಮಾರು ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಎಂಬ ಅನುಮಾನವೂ ಬಂದಿರುವುದಿಲ್ಲ. ಮೂರನೇ ತಿಂಗಳ ಬಸ್ ಪ್ರಯಾಣ, ನಾಲ್ಕನೇ ತಿಂಗಳ ಗ್ರಹಣ ಇವೆರಡೂ ಆಗಲೇ ಮುಗಿದ ಕೆಲಸವನ್ನು ಕೆಡಿಸಲಾರವು. ಹಾಗಾದರೆ ಆ ಒಂದು ವಾರದಲ್ಲಿ ನಡೆಯುವುದೇನು, ಅದು ತಪ್ಪುವುದು ಏಕೆ?

ಕರ್ಜಿಕಾಯಿಯ ಅಂಚು

ಮೂರನೇ ವಾರದಲ್ಲಿ ಭ್ರೂಣದ ಗಾತ್ರ ಹೆಚ್ಚೆಂದರೆ ಒಂದು ಎಳ್ಳಿನಷ್ಟು. ಅದರ ಬೆನ್ನಿನ ಉದ್ದಕ್ಕೂ ಜೀವಕೋಶಗಳ ಒಂದು ಚಪ್ಪಟೆ ಹಾಳೆ ಇರುತ್ತದೆ. ಹಾಳೆಯ ನಡುಭಾಗ ತಗ್ಗುತ್ತದೆ, ಎರಡು ಪಕ್ಕದ ಅಂಚುಗಳು ಮೇಲೇಳುತ್ತವೆ, ಬಾಗಿ ಒಂದನ್ನೊಂದು ಮುಟ್ಟುತ್ತವೆ, ಅಂಟಿಕೊಳ್ಳುತ್ತವೆ. ಹಬ್ಬಕ್ಕೆ ಕರ್ಜಿಕಾಯಿ ಮಾಡುವವರಿಗೆ ಇದು ಗೊತ್ತಿರುವ ಕೆಲಸ. ಲಟ್ಟಿಸಿದ ಹಾಳೆಯನ್ನು ಮಡಿಸಿ ಅಂಚನ್ನು ಬಿಗಿಯಾಗಿ ಒತ್ತಬೇಕು. ಒಂದು ಕಡೆ ಒತ್ತು ಸಾಲದಿದ್ದರೂ ಎಣ್ಣೆಗೆ ಬಿಟ್ಟ ಕೂಡಲೇ ಬಾಯಿ ಬಿಡುತ್ತದೆ, ಹೂರಣ ಹೊರಗೆ ಬರುತ್ತದೆ.

ನರಕೊಳವೆ ಮೊದಲು ಮುಚ್ಚುವುದು ಕುತ್ತಿಗೆಯ ಮಟ್ಟದಲ್ಲಿ. ಅಲ್ಲಿಂದ ಜಿಪ್ ಎಳೆದಂತೆ ತಲೆಯ ಕಡೆಗೂ ಬಾಲದ ಕಡೆಗೂ ಸಾಗುತ್ತದೆ. ತಲೆಯ ತುದಿ ಸುಮಾರು 25ನೇ ದಿನಕ್ಕೆ, ಕೆಳತುದಿ ಅದಾದ ಎರಡು ಮೂರು ದಿನಕ್ಕೆ ಮುಚ್ಚುತ್ತದೆ. ತಲೆಯ ಕಡೆ ತೆರೆದೇ ಉಳಿದರೆ ಮಿದುಳಿನ ಹೆಚ್ಚಿನ ಭಾಗ ಮತ್ತು ತಲೆಬುರುಡೆ ರೂಪುಗೊಳ್ಳುವುದಿಲ್ಲ. ಅದಕ್ಕೆ ಅನೆನ್ಸೆಫಲಿ ಎನ್ನುತ್ತಾರೆ, ಅಂಥ ಮಗು ಬದುಕುವುದಿಲ್ಲ. ಕೆಳಗಡೆ ತೆರೆದುಳಿದರೆ ಸ್ಪೈನಾ ಬೈಫಿಡಾ. ಹೊರಗೆ ತೆರೆದುಕೊಂಡ ನರದ ಅಂಗಾಂಶ ಗರ್ಭದ ನೀರಿನಲ್ಲಿ ತಿಂಗಳುಗಟ್ಟಲೆ ನೆನೆದು ಹಾಳಾಗುತ್ತದೆ. ಹಾಗಾಗಿ ಹುಟ್ಟಿದ ಮಗುವಿಗೆ ಕಾಲಿನ ಬಲ ಕಡಿಮೆಯಾಗಬಹುದು, ಮೂತ್ರದ ಮೇಲೆ ಹಿಡಿತ ಇಲ್ಲದಿರಬಹುದು, ತಲೆಯಲ್ಲಿ ನೀರು ತುಂಬಬಹುದು. ಇಡೀ ಕೊಳವೆಯೇ ಮುಚ್ಚದೆ ಉಳಿಯುವ ಮೂರನೇ ಬಗೆಯೂ ಇದೆ. ಅದು ಅಪರೂಪ, ಆದರೆ ಎಲ್ಲಕ್ಕಿಂತ ಭೀಕರ.

ಈ ಕೆಲಸಕ್ಕೆ ಮೇಸ್ತ್ರಿ ಯಾರೂ ಇಲ್ಲ. ಯಾವ ಜೀವಕೋಶ ಬಾಗಬೇಕು, ಯಾವುದು ಚರ್ಮವಾಗಬೇಕು, ಯಾವುದು ನರವಾಗಬೇಕು ಎಂಬುದನ್ನು ಜೀವಕೋಶಗಳು ನೆರೆಹೊರೆಯವರಿಂದಲೇ ತಿಳಿದುಕೊಳ್ಳುತ್ತವೆ. ಒಂದು ಕೋಶ ಪ್ರೋಟೀನೊಂದನ್ನು ಹೊರಗೆ ಬಿಡುತ್ತದೆ, ಪಕ್ಕದ ಕೋಶದ ಮೈಮೇಲಿನ ಗ್ರಾಹಕ ಅದನ್ನು ಹಿಡಿಯುತ್ತದೆ, ಸುದ್ದಿ ಒಳಗೆ ಮುಟ್ಟುತ್ತದೆ. ಇಂಥ ಪ್ರೋಟೀನು, ಗ್ರಾಹಕಗಳನ್ನು ತಯಾರಿಸುವ ಸೂಚನೆ ಇರುವ ಜೀನ್‌ಗಳೇ ಸಂಕೇತ ಜೀನ್‌ಗಳು. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ‘ರೂಪಾಂತರ’, ಅಂದರೆ ಮ್ಯುಟೇಷನ್, ಈ ಜೀನ್‌ಗಳಲ್ಲೂ ಆಗುತ್ತದೆ. ಆಗ ಪತ್ರ ಬರೆದಿರುವುದೇ ಇಲ್ಲ, ಅಥವಾ ಬರೆದರೂ ಓದುವವರಿಲ್ಲ, ಅಥವಾ ‘ಸಾಕು’ ಎನ್ನುವವರಿಲ್ಲದೆ ಸಂದೇಶ ಬರುತ್ತಲೇ ಇರುತ್ತದೆ. ಮೂರೂ ಬಗೆಯ ತಪ್ಪುಗಳು ನರಮಂಡಲದಲ್ಲಿ ಬೇರೆ ಬೇರೆ ಗುರುತು ಬಿಡುತ್ತವೆ.

‘ಚರ್ಮವಾಗು’ ಎನ್ನುವ ದನಿ

ಇಂಥ ಸಂದೇಶಗಳಿವೆ ಎಂದು ಮೊದಲು ಖಚಿತವಾಗಿ ತೋರಿಸಿದ್ದು ಜರ್ಮನಿಯ ಫ್ರೈಬರ್ಗ್‌ನಲ್ಲಿ. ಹಾನ್ಸ್ ಸ್ಪೆಮಾನ್ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನೆ ಮಾಡುತ್ತಿದ್ದ ಹಿಲ್ಡೆ ಮಾಂಗೋಲ್ಡ್, ನ್ಯೂಟ್ ಎಂಬ ನೀರಹಲ್ಲಿಯ ಜಾತಿಯ ಪ್ರಾಣಿಯ ಭ್ರೂಣದಿಂದ ಒಂದು ಚೂರು ಅಂಗಾಂಶ ತೆಗೆದು ಮತ್ತೊಂದು ಭ್ರೂಣದ ಹೊಟ್ಟೆಯ ಬದಿಗೆ ಕಸಿ ಮಾಡಿದರು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ನರಕೊಳವೆ ಬೆಳೆಯಿತು. ಸಯಾಮಿ ಅವಳಿಯಂಥ ಮರಿ. ಚೂರು ಕೊಟ್ಟ ಜಾತಿ ಬಿಳಿಚು ಬಣ್ಣದ್ದು, ಪಡೆದ ಜಾತಿ ಕಪ್ಪು ಬಣ್ಣದ್ದು. ಹೊಸ ನರಕೊಳವೆಯ ಹೆಚ್ಚಿನ ಕೋಶಗಳು ಕಪ್ಪು. ಕಸಿ ಮಾಡಿದ ಚೂರು ತಾನೇ ನರವಾಗಿರಲಿಲ್ಲ, ನೆರೆಯವರನ್ನು ನರವಾಗುವಂತೆ ಮಾಡಿತ್ತು.

ಈ ಫಲಿತಾಂಶ ಪ್ರಕಟವಾದ 1924ರಲ್ಲೇ ಹಿಲ್ಡೆ ಮನೆಯಲ್ಲಿ ನಡೆದ ಬೆಂಕಿ ಅವಘಡದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 25. ಸ್ಪೆಮಾನ್‌ಗೆ 1935ರಲ್ಲಿ ನೊಬೆಲ್ ಬಂತು.

ಆ ಚೂರು ಹೇಳುತ್ತಿದ್ದುದಾದರೂ ಏನು? ಉತ್ತರ ಸಿಗಲು ಸುಮಾರು 70 ವರ್ಷ ಬೇಕಾಯಿತು. 1990ರ ದಶಕದಲ್ಲಿ ಕಪ್ಪೆ ಭ್ರೂಣಗಳಲ್ಲಿ ನಾಗ್ಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಸಿಕ್ಕವು. ನಾಗ್ಗಿನ್ ಎಂದರೆ ಆಡುಮಾತಿನ ಇಂಗ್ಲಿಷ್‌ನಲ್ಲಿ ತಲೆ, ಬುರುಡೆ. ಅದು ಜಾಸ್ತಿಯಾದರೆ ಕಪ್ಪೆಯ ಭ್ರೂಣಕ್ಕೆ ದೊಡ್ಡ ತಲೆ ಬರುತ್ತಿದ್ದುದರಿಂದ ಆ ಹೆಸರು. ಇವು ‘ಮಿದುಳಾಗು’ ಎಂದು ಆಜ್ಞೆ ಕೊಡುತ್ತವೆ ಎಂದು ವಿಜ್ಞಾನಿಗಳು ಭಾವಿಸಿದ್ದರು. ಕಂಡದ್ದು ಬೇರೆ. ಭ್ರೂಣದ ಹೊರಪದರದಲ್ಲಿ ಬಿಎಂಪಿ ಎಂಬ ಮತ್ತೊಂದು ಪ್ರೋಟೀನು ‘ಚರ್ಮವಾಗು, ಚರ್ಮವಾಗು’ ಎನ್ನುತ್ತಲೇ ಇರುತ್ತದೆ. ನಾಗ್ಗಿನ್ ಮತ್ತು ಕಾರ್ಡಿನ್ ಅದಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತವೆ, ಅಷ್ಟೇ. ಆ ದನಿ ಕೇಳದ ಕಡೆ ಕೋಶಗಳು ನರವಾಗುವ ದಾರಿ ಹಿಡಿಯುತ್ತವೆ. ನಾಗ್ಗಿನ್ ಜೀನ್ ತೆಗೆದುಹಾಕಿದ ಇಲಿಮರಿಗಳಲ್ಲಿ ನರಕೊಳವೆ ಸರಿಯಾಗಿ ಮುಚ್ಚಲಿಲ್ಲ.

ವಿಡಿಯೋ ಗೇಮ್ ಹೆಸರಿನ ಜೀನ್

ಎರಡನೇ ಕಥೆ ಶುರುವಾಗುವುದು ಹಣ್ಣಿನ ನೊಣದಲ್ಲಿ. ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಮುತ್ತಿಕೊಳ್ಳುವ ಅದೇ ಸಣ್ಣ ನೊಣ. ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ 1970ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಾವಿರಾರು ನೊಣಗಳ ಜೀನ್‌ಗಳನ್ನು ಕೆಡಿಸಿ, ಮರಿಹುಳುಗಳಲ್ಲಿ ಏನಾಗುತ್ತದೆಂದು ಒಂದೊಂದಾಗಿ ನೋಡಿದರು. 1980ರಲ್ಲಿ ಪ್ರಕಟವಾದ ಆ ಕೆಲಸಕ್ಕೆ 1995ರ ನೊಬೆಲ್ ಬಂತು. ಒಂದು ಜೀನ್ ಕೆಟ್ಟಾಗ ಮರಿಹುಳು ಮೈತುಂಬ ಮುಳ್ಳು ತುಂಬಿಕೊಂಡು ಗಿಡ್ಡವಾಗಿ ಕಾಣುತ್ತಿತ್ತು. ಅದಕ್ಕೆ ಹೆಡ್ಜ್‌ಹಾಗ್, ಅಂದರೆ ಮುಳ್ಳಿಲಿ, ಎಂದು ಹೆಸರಿಟ್ಟರು.

1993ರಲ್ಲಿ ಬೆನ್ನೆಲುಬಿರುವ ಪ್ರಾಣಿಗಳಲ್ಲೂ ಅದರ ಬಂಧು ಜೀನ್‌ಗಳು ಸಿಕ್ಕವು. ಅವುಗಳಲ್ಲಿ ಒಂದಕ್ಕೆ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಸೆಗಾ ವಿಡಿಯೋ ಗೇಮ್‌ನ ನೀಲಿ ಪಾತ್ರದ ಹೆಸರಿಟ್ಟರು: ಸೋನಿಕ್ ಹೆಡ್ಜ್‌ಹಾಗ್. ತಮಾಷೆಯಾಗಿ ಇಟ್ಟ ಹೆಸರು ಮುಂದೆ ಮುಜುಗರ ತಂದಿತು. ಮಗುವಿನ ಮಿದುಳು ಸರಿಯಾಗಿ ಬೆಳೆದಿಲ್ಲ ಎಂದು ತಾಯಿ ತಂದೆಗೆ ತಿಳಿಸುವಾಗ ಗೇಮ್ ಪಾತ್ರದ ಹೆಸರು ಹೇಳುವುದು ಯಾವ ವೈದ್ಯರಿಗೂ ಹಿತವಲ್ಲ. ಹಾಗಾಗಿ ಆಸ್ಪತ್ರೆಯ ವರದಿಗಳಲ್ಲಿ ಅದು ಎಸ್‌ಎಚ್‌ಎಚ್ ಎಂಬ ಮೂರಕ್ಷರವಾಗಿ ಮಾತ್ರ ಕಾಣಿಸುತ್ತದೆ.

ಈ ಪ್ರೋಟೀನು ನರಕೊಳವೆಯ ಕೆಳಗಿರುವ ಸರಳಿನಂಥ ರಚನೆಯಿಂದ ಹೊರಬಂದು ಮೇಲಕ್ಕೆ ಹರಡುತ್ತದೆ. ಮೂಲದ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಊದುಬತ್ತಿಯ ಪರಿಮಳದ ಹಾಗೆ. ಕೋಶ ತನಗೆ ಎಷ್ಟು ‘ಪರಿಮಳ’ ಸಿಕ್ಕಿತು ಎನ್ನುವುದರ ಮೇಲೆ ತಾನೇನಾಗಬೇಕೆಂದು ತೀರ್ಮಾನಿಸುತ್ತದೆ. ಹೆಚ್ಚು ಸಿಕ್ಕ ಕಡೆ, ಕೈಕಾಲು ಆಡಿಸುವ ನರಗಳು. ಕೊಳವೆಯ ಮೇಲ್ಭಾಗದಿಂದ ಬಿಎಂಪಿ ಎದುರು ದಿಕ್ಕಿನಲ್ಲಿ ಇಳಿದು ಬರುತ್ತದೆ, ಅಲ್ಲಿ ಸ್ಪರ್ಶ, ನೋವು ತಿಳಿಸುವ ವ್ಯವಸ್ಥೆಯ ನರಗಳು ರೂಪುಗೊಳ್ಳುತ್ತವೆ. ವಯಸ್ಕರ ಬೆನ್ನುಹುರಿಯಲ್ಲೂ ಈ ಹಂಚಿಕೆ ಹಾಗೆಯೇ ಉಳಿದಿರುತ್ತದೆ.

ಸೋನಿಕ್‌ನ ಮತ್ತೊಂದು ಕೆಲಸ ಮಿದುಳಿನ ಮುಂಭಾಗವನ್ನು ಎಡ, ಬಲ ಎಂದು ಎರಡಾಗಿಸುವುದು. ಕಣ್ಣು ರೂಪಿಸುವ ಪ್ರದೇಶವೂ ಮೊದಲು ಒಂದೇ ಇರುತ್ತದೆ, ಈ ಸಂದೇಶ ಬಂದ ಮೇಲೆ ಎರಡಾಗುತ್ತದೆ. 1996ರಲ್ಲಿ ಈ ಜೀನ್‌ನ ಎರಡೂ ಪ್ರತಿ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಅವಕ್ಕೆ ಹಣೆಯ ನಡುವೆ ಒಂದೇ ಕಣ್ಣು. ಅದೇ ವರ್ಷ, ಹೋಲೋಪ್ರೊಸೆನ್ಸೆಫಲಿ ಎಂಬ ಸಮಸ್ಯೆ ವಂಶದಲ್ಲಿ ಹರಿದುಬಂದಿದ್ದ ಕುಟುಂಬಗಳಲ್ಲಿ ಮನುಷ್ಯರ ಎಸ್‌ಎಚ್‌ಎಚ್ ರೂಪಾಂತರ ಪತ್ತೆಯಾಯಿತು. ಮಿದುಳಿನ ಮುಂಭಾಗ ಎರಡಾಗದೆ ಉಳಿಯುವ ಈ ತೊಂದರೆ ಸುಮಾರು 250 ಗರ್ಭಗಳಲ್ಲಿ ಒಂದರಲ್ಲಿ ಕಾಣಿಸುತ್ತದೆ ಎಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ಆರಂಭದಲ್ಲೇ ಗರ್ಭಪಾತವಾಗುವುದರಿಂದ ಹುಟ್ಟುವ ಮಕ್ಕಳಲ್ಲಿ ಇದು ತೀರಾ ಅಪರೂಪ. ಒಕ್ಕಣ್ಣಿನ ಕರು ಹುಟ್ಟಿತು, ಆಡುಮರಿಗೆ ಜನ ಪೂಜೆ ಸಲ್ಲಿಸಿದರು ಎಂಬ ವಿಡಿಯೋಗಳು ಆಗಾಗ ಮೊಬೈಲಿಗೆ ಬರುತ್ತವಲ್ಲ, ಅವುಗಳ ಹಿಂದಿರುವುದೂ ಇದೇ ತೊಂದರೆ.

ಮನುಷ್ಯರಲ್ಲಿ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಅಪಾಯ ಶುರು. ವಿಚಿತ್ರವೆಂದರೆ ಒಂದೇ ರೂಪಾಂತರ ಒಂದೇ ಮನೆಯಲ್ಲಿ ಬೇರೆ ಬೇರೆ ಥರ ಕಾಣಿಸಿಕೊಳ್ಳುತ್ತದೆ. ಒಂದು ಮಗು ಉಳಿಯುವುದೇ ಇಲ್ಲ. ಅದೇ ರೂಪಾಂತರ ಹೊತ್ತ ತಂದೆ ಕಚೇರಿಗೆ ಹೋಗುತ್ತ, ಸಂಸಾರ ನಡೆಸುತ್ತ ಆರಾಮವಾಗಿರುತ್ತಾನೆ. ಅವನಲ್ಲಿ ಇರಬಹುದಾದ ಗುರುತು ಇಷ್ಟೇ: ಮೇಲಿನ ಸಾಲಿನ ನಡುವೆ ಎರಡು ಮುಂಬಲ್ಲುಗಳ ಬದಲು ಒಂದೇ ಹಲ್ಲು. ಉಳಿದ ಜೀನ್‌ಗಳು, ತಾಯಿಗೆ ಮಧುಮೇಹ ಇದೆಯೇ ಎಂಬಂಥ ಸಂಗತಿಗಳು ಸೇರಿ ಪರಿಣಾಮ ಬದಲಾಗುತ್ತದೆ.

ಜೀನ್ ಸರಿಯಿದ್ದರೂ ಸಂದೇಶ ತಪ್ಪಿದರೆ ಇದೇ ಆಗುತ್ತದೆ ಎಂಬುದಕ್ಕೆ ಕುರಿಗಳೇ ಸಾಕ್ಷಿ. 1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಗಾಹಿಗಳ ಮಂದೆಗಳಲ್ಲಿ ಒಕ್ಕಣ್ಣಿನ ಮರಿಗಳು ಹುಟ್ಟತೊಡಗಿದವು. ತಳಿಯ ದೋಷವೆಂದು ಮೊದಲು ಅಂದುಕೊಂಡಿದ್ದರು. ಕೃಷಿ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಬೆಟ್ಟದ ಹುಲ್ಲುಗಾವಲಿನ ಕಾರ್ನ್ ಲಿಲಿ ಎಂಬ ಗಿಡ. ಗಬ್ಬದ 14ನೇ ದಿನದ ಆಸುಪಾಸಿನಲ್ಲಿ ಅದನ್ನು ತಿಂದ ಕುರಿಗಳಿಗೆ ಮಾತ್ರ ಇಂಥ ಮರಿ. ಬೇರೆ ದಿನ ತಿಂದರೆ ಒಕ್ಕಣ್ಣು ಬರುತ್ತಿರಲಿಲ್ಲ. ಮಂದೆಯನ್ನು ಆ ಬೆಟ್ಟಕ್ಕೆ ಬಿಡುವ ದಿನ ಬದಲಿಸಿದ್ದೇ ಪರಿಹಾರವಾಯಿತು. ಗಿಡದಲ್ಲಿನ ವಿಷಕ್ಕೆ ಸೈಕ್ಲೋಪಮೈನ್ ಎಂದು ಹೆಸರಾಯಿತು. ಅದು ಹೆಡ್ಜ್‌ಹಾಗ್ ಸಂದೇಶವನ್ನೇ ತಡೆಯುತ್ತದೆ ಎಂದು ಗೊತ್ತಾಗಿದ್ದು 1998ರಲ್ಲಿ. ಅದೇ ದಾರಿಯನ್ನು ತಡೆಯುವ ವಿಸ್ಮೊಡೆಗಿಬ್ ಎಂಬ ಔಷಧಕ್ಕೆ 2012ರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಗರ್ಭಿಣಿಯರು ಅದನ್ನು ತೆಗೆದುಕೊಳ್ಳಲೇಬಾರದು ಎಂಬ ಎಚ್ಚರಿಕೆ ಅದರ ಜೊತೆಗೇ ಬರುತ್ತದೆ. ಕಾರಣ ಬಿಡಿಸಿ ಹೇಳಬೇಕಿಲ್ಲ.

ಸಂದೇಶ ಕಡಿಮೆಯಾದರೆ ಮಿದುಳು ಎರಡಾಗುವುದಿಲ್ಲ, ಆದರೆ ಕೊಳವೆ ಮುಚ್ಚುತ್ತದೆ. ಹೆಚ್ಚಾದರೆ? ಹೆಡ್ಜ್‌ಹಾಗ್‌ಗೆ ‘ಸಾಕು’ ಎನ್ನುವ ಪ್ಯಾಚ್ಡ್ ಎಂಬ ಜೀನ್ ಇದೆ. ಅದಿಲ್ಲದ ಇಲಿಗಳಲ್ಲಿ ಸಂದೇಶ ನಿಲ್ಲುವುದೇ ಇಲ್ಲ, ಹಾಳೆ ಬಾಗಬೇಕಾದ ಕಡೆ ಬಾಗುವುದಿಲ್ಲ, ನರಕೊಳವೆ ತೆರೆದೇ ಉಳಿಯುತ್ತದೆ.

ದಾದರ್ ಸೇತುವೆಯ ಜನಜಂಗುಳಿ

ಬೆನ್ನುಹುರಿಯ ದೋಷಗಳಿಗೆ ಇನ್ನೂ ಹತ್ತಿರದ ಸಂಬಂಧ ಇರುವುದು ಬೇರೊಂದು ಜೀನ್ ಗುಂಪಿಗೆ. ಇದರ ಮೂಲವೂ ನೊಣವೇ. ನೊಣದ ರೆಕ್ಕೆಯ ಮೇಲಿನ ಸೂಕ್ಷ್ಮ ಕೂದಲುಗಳೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಇರುತ್ತವೆ. ಕೆಲವು ಜೀನ್ ಕೆಟ್ಟರೆ ಅವು ಸುಳಿಸುಳಿಯಾಗಿ ತಿರುಗುತ್ತವೆ. ಆ ಸುಳಿಗಳನ್ನು ಕಂಡ ವಿಜ್ಞಾನಿಗಳಿಗೆ ಚಿತ್ರಕಾರನ ಕುಂಚದ ಸುಳಿಗಳು ನೆನಪಾಗಿ ಒಂದು ಜೀನ್‌ಗೆ ವ್ಯಾನ್ ಗೋ ಎಂದೇ ಹೆಸರಿಟ್ಟರು. ‘ನಾವೆಲ್ಲ ಯಾವ ಕಡೆ ಮುಖ ಮಾಡಿದ್ದೇವೆ’ ಎಂಬುದನ್ನು ಒಂದೇ ಪದರದ ಕೋಶಗಳು ಪರಸ್ಪರ ತಿಳಿಸಿಕೊಳ್ಳಲು ಈ ಜೀನ್‌ಗಳು ಬೇಕು.

ರೆಕ್ಕೆಯ ಕೂದಲಿಗೂ ಮಗುವಿನ ಬೆನ್ನಿಗೂ ಏನು ಸಂಬಂಧ ಎನ್ನುವವರು ಸಂಜೆ ಏಳರ ಹೊತ್ತಿಗೆ ಮುಂಬೈನ ದಾದರ್ ಸ್ಟೇಷನ್ ನೆನೆಯಬಹುದು. ಲೋಕಲ್ ರೈಲಿನಿಂದ ಪ್ಲಾಟ್‌ಫಾರ್ಮ್ ತುಂಬ ಇಳಿದ ಜನ ಸೇತುವೆ ಹತ್ತಬೇಕು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಒಬ್ಬರ ನಡುವೆ ಒಬ್ಬರು ತೂರಿಕೊಂಡಾಗ ಅಗಲವಾಗಿದ್ದ ಗುಂಪು ಕಿರಿದಾಗಿ, ಉದ್ದನೆಯ ಸಾಲಾಗುತ್ತದೆ. ಭ್ರೂಣದ ಹಾಳೆಯೂ ಹೀಗೆಯೇ ಅಗಲ ಕಳೆದುಕೊಂಡು ಉದ್ದವಾಗುತ್ತದೆ. ಕೋಶಗಳಿಗೆ ದಿಕ್ಕು ತಿಳಿಯದಿದ್ದರೆ ಹಾಳೆ ಅಗಲವಾಗಿ, ಗಿಡ್ಡವಾಗಿ ಉಳಿಯುತ್ತದೆ. ಆಗ ಎರಡು ಅಂಚುಗಳು ಮೇಲೆದ್ದರೂ ಒಂದಕ್ಕೊಂದು ನಿಲುಕುವುದಿಲ್ಲ.

ಇದಕ್ಕೆ ಪುರಾವೆ ಲೂಪ್ ಟೇಲ್ ಎಂಬ ಇಲಿ. ಬಾಲ ಸುರುಳಿ ಸುತ್ತಿಕೊಂಡ ಈ ಇಲಿಗಳು 1940ರ ದಶಕದಿಂದಲೇ ಪ್ರಯೋಗಾಲಯಗಳಲ್ಲಿದ್ದವು. ಒಂದು ಪ್ರತಿ ಕೆಟ್ಟಿದ್ದರೆ ಬಾಲ ಡೊಂಕು, ಅಷ್ಟೇ. ಎರಡೂ ಕೆಟ್ಟಿದ್ದರೆ ಮಿದುಳಿನ ಹಿಂಭಾಗದಿಂದ ಬಾಲದವರೆಗೆ ಇಡೀ ಕೊಳವೆ ತೆರೆದಿರುತ್ತಿತ್ತು. ಅದು ಯಾವ ಜೀನ್ ಎಂದು 2001ರಲ್ಲಿ ಗೊತ್ತಾಯಿತು: ನೊಣದ ವ್ಯಾನ್ ಗೋ ಜೀನ್‌ನ ಸಸ್ತನಿ ರೂಪ. 2007ರಲ್ಲಿ ನರಕೊಳವೆ ದೋಷವಿದ್ದ ಕೆಲವು ಮನುಷ್ಯರಲ್ಲೂ ಅದೇ ಕುಟುಂಬದ ಜೀನ್‌ನ ರೂಪಾಂತರಗಳು ಸಿಕ್ಕವು.

ಆದರೆ ಮನುಷ್ಯರ ಲೆಕ್ಕ ಇಲಿಯಷ್ಟು ಸರಳವಲ್ಲ. ನರಕೊಳವೆ ಮುಚ್ಚದಂತೆ ಮಾಡಬಲ್ಲ ನೂರಾರು ಜೀನ್‌ಗಳು ಇಲಿಗಳಲ್ಲಿ ಗೊತ್ತಾಗಿವೆ. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಥದ್ದೇ ಒಂದು ಜೀನ್ ಕಾರಣ ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಮಗುವಿನಲ್ಲಿ ಕಂಡ ರೂಪಾಂತರ ಆರೋಗ್ಯವಾಗಿರುವ ತಾಯಿಯಲ್ಲೋ ತಂದೆಯಲ್ಲೋ ಇರುವುದೂ ಉಂಟು. ಹಲವು ಜೀನ್‌ಗಳ ಸಣ್ಣ ಸಣ್ಣ ದೌರ್ಬಲ್ಯ, ಅದರ ಜೊತೆಗೆ ಆ ಒಂದು ವಾರದಲ್ಲಿ ತಾಯಿಯ ದೇಹದಲ್ಲಿದ್ದ ಪೋಷಕಾಂಶ, ಔಷಧ, ಸಕ್ಕರೆ ಎಲ್ಲ ಕೂಡಿ ಅಂಚು ಅಂಟುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತವೆ. ಜೀನ್‌ಗಳನ್ನು ಬದಲಿಸಲಾಗದು. ಎರಡನೆಯದನ್ನು ಬದಲಿಸಬಹುದು.

ಬಾಂಬೆಯ ಗಿರಣಿಗಳಿಂದ ಬಂದ ಮಾತ್ರೆ

ಆ ಬದಲಾವಣೆಯ ಕಥೆ ಮುಂಬೈನಲ್ಲೇ ಹುಟ್ಟಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡುತ್ತಿದ್ದ ಗರ್ಭಿಣಿಯರಲ್ಲಿ ಪ್ರಾಣಕ್ಕೇ ಎರವಾಗುವ ಒಂದು ಬಗೆಯ ರಕ್ತಹೀನತೆ ಇತ್ತು. ರೋಗಾಣು ಕಾರಣವಿರಬಹುದೇ ಎಂದು ಹುಡುಕಿದ ವಿಲ್ಸ್, ಕೊನೆಗೆ ಊಟದ ಕಡೆ ತಿರುಗಿದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಬ್ರಿಟಿಷ್ ಲೇಹ್ಯ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಪ್ರಕಟವಾದ ಈ ಕೆಲಸದಿಂದ ಆ ಅಜ್ಞಾತ ವಸ್ತುವಿಗೆ ‘ವಿಲ್ಸ್ ಫ್ಯಾಕ್ಟರ್’ ಎಂದು ಹೆಸರು ಬಂತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಫೋಲಿಯಂ ಎಂದರೆ ಎಲೆ. ಅದೇ ಫೋಲಿಕ್ ಆಸಿಡ್.

ಡಿಎನ್‌ಎ ನಕಲು ಮಾಡಲು ಕೋಶಗಳಿಗೆ ಈ ಜೀವಸತ್ವ ಬೇಕು. ವೇಗವಾಗಿ ವಿಭಜನೆಯಾಗುತ್ತಿರುವ ಭ್ರೂಣದ ಹಾಳೆಗೆ ಇನ್ನೂ ಹೆಚ್ಚು ಬೇಕು. ಈಗಾಗಲೇ ಒಮ್ಮೆ ಇಂಥ ಮಗುವನ್ನು ಹೆತ್ತಿದ್ದ ಮಹಿಳೆಯರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ಪ್ರಯೋಗ ನಡೆಸಿತು. ಮುಂದಿನ ಗರ್ಭಕ್ಕೆ ಮೊದಲಿನಿಂದಲೇ ಅರ್ಧದಷ್ಟು ಜನರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಅದಿಲ್ಲ. ಫಲಿತಾಂಶ ಗೊತ್ತಿದ್ದ 1,195 ಗರ್ಭಗಳಲ್ಲಿ 27ರಲ್ಲಿ ನರಕೊಳವೆ ದೋಷ ಕಂಡಿತು. ಫೋಲಿಕ್ ಆಸಿಡ್ ಪಡೆದವರಲ್ಲಿ 6, ಪಡೆಯದವರಲ್ಲಿ 21. ಅಂದರೆ ಶೇ 72ರಷ್ಟು ಇಳಿಕೆ. ಇಷ್ಟು ಸ್ಪಷ್ಟವಾದ ಮೇಲೆ ಉಳಿದವರಿಗೆ ಕೊಡದಿರುವುದು ಸರಿಯಲ್ಲವೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ 1991ರಲ್ಲಿ ಪ್ರಕಟಿಸಿದರು. ಮೊದಲ ಸಲ ಗರ್ಭಿಣಿಯಾಗುವವರಲ್ಲೂ ಇದು ಕೆಲಸ ಮಾಡುತ್ತದೆ ಎಂದು ಮರುವರ್ಷ ಹಂಗೇರಿಯ ಅಧ್ಯಯನ ತೋರಿಸಿತು.

ಭಾರತದಲ್ಲಿ ಈ ದೋಷಗಳ ಪ್ರಮಾಣ ಸಾವಿರ ಜನನಕ್ಕೆ ಸುಮಾರು 4 ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. ಜಗತ್ತಿನ ಎಷ್ಟೋ ದೇಶಗಳಿಗಿಂತ ಇದು ಜಾಸ್ತಿ. 1980ರ ದಶಕದಲ್ಲಿ ದಾವಣಗೆರೆಯ ವೈದ್ಯರು ಅಲ್ಲಿನ ಆಸ್ಪತ್ರೆ ಹೆರಿಗೆಗಳಲ್ಲಿ ಸಾವಿರಕ್ಕೆ ಸುಮಾರು 11ರಷ್ಟು ಕಂಡು ವರದಿ ಮಾಡಿದ್ದರು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ರೂಢಿ ದಕ್ಷಿಣದಲ್ಲಿ ಇರುವುದರಿಂದ, ಎರಡೂ ಕಡೆಯಿಂದ ಒಂದೇ ಕೆಟ್ಟ ಪ್ರತಿ ಬಂದು ಸೇರುವ ಸಾಧ್ಯತೆಯೂ ಹೆಚ್ಚು. ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ ಎಂದೂ ಅಧ್ಯಯನಗಳು ಸೂಚಿಸಿವೆ.

ಸರ್ಕಾರದ ಮಾತ್ರೆಗಳಿಗೆ ಕೊರತೆಯಿಲ್ಲ, ತೊಡಕಿರುವುದು ತಾರೀಖಿನಲ್ಲಿ. ಬಹಳಷ್ಟು ಹೆಂಗಸರು ತಾಯಿ ಕಾರ್ಡ್ ಮಾಡಿಸುವುದು ಎರಡನೇ ತಿಂಗಳೋ ಮೂರನೇ ತಿಂಗಳೋ ಆದ ಮೇಲೆ. ನಾಲ್ಕನೇ ತಿಂಗಳಿನಿಂದ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ರಕ್ತಹೀನತೆಗೆ ಅಗತ್ಯ, ಅದನ್ನು ಬಿಡಬಾರದು. ಆದರೆ ನರಕೊಳವೆಯ ಮಟ್ಟಿಗೆ ಅದು ಮದುವೆ ಮುಗಿದ ಮೇಲೆ ಬಂದ ಆಹ್ವಾನ ಪತ್ರಿಕೆ. ದಿನಕ್ಕೆ 400 ಮೈಕ್ರೋಗ್ರಾಂನ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ಧರಿಸುವ ಒಂದು ತಿಂಗಳಿಗಾದರೂ ಮೊದಲೇ, ಸಾಧ್ಯವಾದರೆ ಮೂರು ತಿಂಗಳ ಮೊದಲೇ ಶುರು ಮಾಡಿ ಮೂರನೇ ತಿಂಗಳು ಮುಗಿಯುವವರೆಗೆ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಅದಕ್ಕೇ. ಹಿಂದೆ ಇಂಥ ಮಗು ಆಗಿದ್ದರೆ ಪ್ರಮಾಣ ಸುಮಾರು ಹತ್ತು ಪಟ್ಟು, ಅದು ವೈದ್ಯರು ಬರೆದುಕೊಟ್ಟ ಮೇಲಷ್ಟೇ. ಮೆಂತ್ಯ, ಪಾಲಕ್, ಹೆಸರುಕಾಳು, ಕಡಲೆಯಲ್ಲಿ ಈ ಜೀವಸತ್ವ ಚೆನ್ನಾಗಿದೆ. ಬಹಳ ಹೊತ್ತು ಕುದಿಸಿ ನೀರು ಬಸಿದರೆ ಅದರ ದೊಡ್ಡ ಪಾಲು ಹೋಗಿಬಿಡುತ್ತದೆ. ಹಾಗಾಗಿ ಊಟವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಸೇರಿಸುತ್ತಿದೆ. ಯೋಜನೆಯಿಲ್ಲದೆ ಬಸುರಾದವರಿಗೂ ಅದು ತಲುಪುತ್ತದೆ, ಮಾತ್ರೆಯ ಮಾತು ಅಲ್ಲಿ ಸೋಲುತ್ತದೆ.

ಮೂರ್ಛೆ ರೋಗಕ್ಕೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಈ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮದುವೆಯಾದ ಹುಡುಗಿ ಆ ಮಾತ್ರೆಯಲ್ಲಿದ್ದರೆ ಮನೆಯವರು ಅದನ್ನು ಮುಚ್ಚಿಡುವುದೂ ತಪ್ಪು, ತಾವೇ ನಿಲ್ಲಿಸುವುದೂ ತಪ್ಪು. ಗರ್ಭ ಧರಿಸುವ ಮೊದಲೇ ನರರೋಗ ತಜ್ಞರ ಬಳಿ ಹೋಗಿ ಔಷಧ ಬದಲಿಸಬಹುದೇ ಎಂದು ಕೇಳಬೇಕು. ನಿಯಂತ್ರಣವಿಲ್ಲದ ಮಧುಮೇಹಕ್ಕೂ ಇದೇ ಮಾತು.

ಸ್ಕ್ಯಾನ್ ಆದ ಮೇಲೆ

ಅನೆನ್ಸೆಫಲಿ 11ರಿಂದ 14ನೇ ವಾರದ ಸ್ಕ್ಯಾನ್‌ನಲ್ಲೇ ಹೆಚ್ಚಾಗಿ ಗೊತ್ತಾಗುತ್ತದೆ. ಸ್ಪೈನಾ ಬೈಫಿಡಾ ತಿಳಿಯುವುದು 18ರಿಂದ 20ನೇ ವಾರದ ಸ್ಕ್ಯಾನ್‌ನಲ್ಲಿ. ಗರ್ಭಪಾತ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿಯ ಒಪ್ಪಿಗೆ ಪಡೆಯಲು ಅವಕಾಶವಿದೆ. ಮುಂದುವರಿಸುವ ತೀರ್ಮಾನಕ್ಕೂ ದಾರಿಗಳಿವೆ. ಸ್ಪೈನಾ ಬೈಫಿಡಾ ಇರುವ ಮಗುವಿಗೆ ಹುಟ್ಟಿದ ಎರಡು ಮೂರು ದಿನದೊಳಗೆ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಗರ್ಭದಲ್ಲಿರುವಾಗಲೇ ಮಾಡಿದರೆ, ತಲೆಯ ನೀರು ಇಳಿಸುವ ನಳಿಕೆ ಬೇಕಾಗುವ ಮಕ್ಕಳ ಪ್ರಮಾಣ ಶೇ 82ರಿಂದ ಶೇ 40ಕ್ಕೆ ಇಳಿಯಿತೆಂದು 2011ರ ಅಮೆರಿಕದ ಅಧ್ಯಯನ ತೋರಿಸಿತ್ತು. ಆದರೆ ಅದರಲ್ಲಿ ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯವೂ ಇತ್ತು. ಈ ಮಕ್ಕಳಲ್ಲಿ ಅನೇಕರು ಶಾಲೆಗೆ ಹೋಗುತ್ತಾರೆ, ಓದುತ್ತಾರೆ, ಕೆಲಸಕ್ಕೆ ಸೇರುತ್ತಾರೆ.

ಮುಂದಿನ ಮಗುವಿನ ಬಗ್ಗೆ ಕೇಳುವವರನ್ನು ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸುತ್ತಾರೆ. ಒಂದು ಮಗುವಿಗೆ ನರಕೊಳವೆ ದೋಷವಿದ್ದರೆ ಮುಂದಿನದಕ್ಕೂ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು. ಎಸ್‌ಎಚ್‌ಎಚ್‌ನಂಥ ಜೀನ್ ತಾಯಿ ಅಥವಾ ತಂದೆಯಿಂದ ಬಂದಿದ್ದರೆ ಆ ಪ್ರತಿ ಮುಂದಿನ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ರೂಪಾಂತರ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗಿದ್ದರೆ ಅಪಾಯ ತೀರಾ ಕಡಿಮೆ. ಕ್ರೋಮೊಸೋಮ್ ಸಂಖ್ಯೆಯ ತಪ್ಪಾಗಿದ್ದರೆ ಲೆಕ್ಕವೇ ಬೇರೆ. ಹಾಗಾಗಿ ಉಳಿಯದ ಮಗುವಿನದ್ದೂ ಸೇರಿ ಪರೀಕ್ಷೆ ಮಾಡಿಸಿಡುವುದು, ಆ ಹೊತ್ತಿನ ದುಃಖದಲ್ಲಿ ಕಷ್ಟವಾದರೂ, ಮುಂದೆ ಉಪಯೋಗಕ್ಕೆ ಬರುತ್ತದೆ.

ಕೌನ್ಸೆಲಿಂಗ್ ಕೋಣೆಯಲ್ಲಿ ಮೊದಲು ಒಂದು ಖಾಲಿ ಹಾಳೆಯ ಮೇಲೆ ವಂಶವೃಕ್ಷ ಬರೆಯುತ್ತಾರೆ. ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು. ದೊಡ್ಡಮ್ಮನಿಗೆ ಹುಟ್ಟಿದ ಕೂಡಲೇ ತೀರಿಹೋದ ಮಗು, ಯಾರೂ ಮಾತಾಡದ ಅತ್ತೆಯ ಎರಡು ಗರ್ಭಪಾತ, ಎಲ್ಲವೂ ಅಲ್ಲಿ ಹೆಸರಿಲ್ಲದ ಗುರುತುಗಳಾಗಿ ಸೇರುತ್ತವೆ. ಮಗುವಿಗೆ ಹೋಲೋಪ್ರೊಸೆನ್ಸೆಫಲಿ ಇತ್ತೆಂದಾದರೆ ವೈದ್ಯರು ತಂದೆಯ ಕಡೆಗೂ ತಿರುಗುತ್ತಾರೆ. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದವನಿಗೆ ಬಾಯಿ ತೆರೆದು ಮೇಲಿನ ಹಲ್ಲು ತೋರಿಸಲು ಹೇಳುತ್ತಾರೆ. ಮುಂಬಲ್ಲು ಎರಡಿವೆಯೇ, ಒಂದೇ ಇದೆಯೇ ಎಂದು ನೋಡುವುದಕ್ಕೆ.